ಮಿಸ್ತ್ರಿ ಕಾಕಾ ಕೇಳಿಸಿಕೊಂಡ ಬೋಟು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬರುವ ಮೂರ್ಖ ನಾನೇ. ಮುಂದೆ ಯಾರಾದರೂ ಬಂದು ಆ ಪಟ್ಟವನ್ನು ನನ್ನಿಂದ ಕಸಿದುಕೊಂಡಾರು ಎಂದು ಕೊನೆಯವರೆಗೆ ಕಾಯಬೇಡಿ, ಯಾರೂ ಬರುವುದಿಲ್ಲ. ಕುಬಿಹಾಳದಲ್ಲಿರುವ ನಮ್ಮ ಹಿಟ್ಟಿನ ಗಿರಣಿಯನ್ನು ಮಾರಿ, ಗೋವಾದ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ದಿಕ್ಕಿಲ್ಲದೆ ಬಿದ್ದಿದ್ದ ಎರಡು ಹಳೆಯ ಡೀಸೆಲ್ ಸ್ಪೀಡ್‌ಬೋಟು ಕೊಳ್ಳಲು ಹೊರಟವನು ನಾನು. ತುಂಬಿ ಹರಿಯುವ ಹಳ್ಳ ನೋಡಬೇಕೆಂದರೂ ಒಳ್ಳೆಯ ಮಳೆಗೆ ಕಾಯಬೇಕಾದ ಎರೆಭೂಮಿಯಲ್ಲಿ ಕೂತು ಇಂಥ ಯೋಚನೆ ಮಾಡಲು ಒಂದು ವಿಶೇಷವಾದ ತಲೆ ಬೇಕು. ದೇವರು ನನಗೆ ಕೊಟ್ಟಿದ್ದಾನೆ. ಅದೂ ಸಾಲದೆಂದು, ಆ ಬೋಟು ನೋಡಿ ಹೇಳಲು ಬಂದ ಹಿರಿಯರಿಗೆ, ಅವರು ನನ್ನನ್ನೇ ನಂಬಿ ಕಿವಿ ಕೊಟ್ಟ ಹೊತ್ತಿನಲ್ಲಿ ಒಂದು ಸುಳ್ಳು ಹೇಳಿದೆ. ಒಂದೇ ಒಂದು ಪದ ಆಡದೆ ಹೇಳಿದ ಸುಳ್ಳು ಅದು. ಹೇಗೆ ಎಂಬುದು ಮುಂದೆ ಬರುತ್ತದೆ.

ಆ ಹಿರಿಯರು ಹೋದ ತಿಂಗಳು ತೀರಿಕೊಂಡರು. ಕುಂದಗೋಳ ತಾಲೂಕೆಲ್ಲ ಅವರನ್ನು ಮಿಸ್ತ್ರಿ ಕಾಕಾ ಎಂದೇ ಕರೆಯುತ್ತಿತ್ತು. ಅವರ ಹೆಸರು ನಾನು ಬರೆಯುವುದಿಲ್ಲ, ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ತಿಥಿಯೂಟಕ್ಕೆ ಕರೆಯುವ ದಿವಸದ ಕಾರ್ಡಿನಲ್ಲಿ ಹೆಸರು ಅಚ್ಚಾಗಿ ಬಂದಾಗ, "ಇವರ್ಯಾರ್ರಿ? ಮಿಸ್ತ್ರಿ ಕಾಕಾರ ಮನಿ ವಿಳಾಸ ಹಾಕ್ಯಾರಲ್ಲ?" ಎಂದು ಕೇಳಿದವರೇ ಹೆಚ್ಚು.

ಡೀಸೆಲ್ ಇಂಜಿನ್ನು ರಿಪೇರಿ ಅವರ ಕೆಲಸ. ಹೊಲದ ಪಂಪು, ಗಿರಣಿ, ಕಬ್ಬಿನ ಗಾಣ, ಏನೇ ಇರಲಿ, ಇಂಜಿನ್ನು ಮುನಿಸಿಕೊಂಡಿತೆಂದರೆ ಅವರಿಗೆ ಹೇಳಿಕಳಿಸುತ್ತಿದ್ದರು. ಹಳೇ ಮೊಪೆಡ್ಡಿನ ಮೇಲೆ, ಬಿಳಿ ಧೋತರ ಖಾಕಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಡೀಸೆಲ್ ಕೆಲಸಕ್ಕೆ ಬಿಳಿ ಧೋತರ! ಅಂಗಿಯ ಮೇಲೆ ಭೂಪಟದಷ್ಟು ಕಲೆಗಳಿದ್ದರೂ ಧೋತರದ ಮೇಲೆ ಒಂದು ಹನಿ ಎಣ್ಣೆ ಬಿದ್ದದ್ದನ್ನು ನಾನು ನೋಡಿಲ್ಲ. ಒಮ್ಮೆ ಕೇಳಿದೆ, "ಕಾಕಾ, ಇದೇನ್ರಿ ಮಾಯಾ?"

"ಮಾಯಾ ಏನ ಬಂತಲೇ. ಧೋತರ ನಿಮ್ಮ ಕಾಕು ಒಗೀತಾಳ. ಅಂಗಿ ನಾ ಒಗೀತೀನಿ."

ಕೆಲಸಕ್ಕೆ ಅವರದೊಂದು ಕ್ರಮವಿತ್ತು. ಮೊದಲು ಚಹಾ. ಪೂರ್ತಿ ಕಪ್ಪು ಕೊಟ್ಟರೆ ಅರ್ಧ ಕುಡಿದು, ಉಳಿದರ್ಧ ಪಕ್ಕದಲ್ಲಿ ಯಾರಿದ್ದರೆ ಅವರ ಕೈಗೆ. ಆಮೇಲೆ ಇಂಜಿನ್ನಿನ ಮೈಮೇಲೆ ಅಂಗೈ ಇಡುವುದು. ಮಾಲೀಕನನ್ನು ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಅವನೇ ಹೇಳಲು ಬಂದರೆ, "ತಡೀರಿ ಗೌಡ್ರ, ನಾ ರೋಗಿ ಕೂಡ ಮಾತಾಡ್ತೀನಿ. ರೋಗಿ ಮಾವನ ಕೂಡ ಆಮ್ಯಾಲೆ" ಎನ್ನುತ್ತಿದ್ದರು. ಅಂಗೈಗೆ ಬಿಸಿ ಹತ್ತಿತೋ, ಕೆಲಸ ಅಲ್ಲಿಗೇ ನಿಂತಿತು. ತಿರ್ಲಾಪುರದಲ್ಲಿ ಒಬ್ಬ ರೈತ ಹಳೇ ಪಂಪು ಮಾರುವವನಿದ್ದ. ಕೊಳ್ಳುವವನು ಕಾಕಾನನ್ನು ಕರೆದುಕೊಂಡು ಹೋಗಿದ್ದ. ಇವರು ಬರುವ ಹೊತ್ತಿಗೆ ಇಂಜಿನ್ನು ಹ್ಯಾಂಡಲಿನ ಒಂದೇ ಸುತ್ತಿಗೆ ಚಾಲೂ ಆಗಲೆಂದು ಮಾರುವವನು ಅದನ್ನು ಮೊದಲೇ ಓಡಿಸಿ ಇಟ್ಟಿದ್ದ. ಕಾಕಾ ಅಂಗೈ ಇಟ್ಟವರೇ ಬೇವಿನ ಮರದ ಕೆಳಗೆ ಹೋಗಿ ಟವೆಲ್ ಹಾಸಿ ಮಲಗಿಬಿಟ್ಟರು. "ಜ್ವರ ಇಳೀಲಿ. ಜ್ವರದಾಗ ಯಾರರ ಖರೇ ಮಾತಾಡ್ತಾರೇನ್ರಿ?"

ತಣ್ಣಗಾದ ಮೇಲೆ ಅದನ್ನು ಚಾಲೂ ಮಾಡಲು ಮೂರು ಮಂದಿ ಬೇಕಾದರಂತೆ.

ಕೊನೆಯದು ಸ್ಕ್ರೂಡ್ರೈವರ್. ಒಂದೂವರೆ ಗೇಣು ಉದ್ದದ್ದು, ಕಟ್ಟಿಗೆಯ ಹಿಡಿಕೆ ಅಂಗೈಗೆ ಸವೆದು ಸವೆದು ನೇರಳೆ ಹಣ್ಣಿನಂತೆ ಮಿರುಗುತ್ತಿತ್ತು. ಓಡುವ ಇಂಜಿನ್ನಿಗೆ ಅದರ ತುದಿ ಒತ್ತಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚುತ್ತಿದ್ದರು. ಆಗ ಗಿರಣಿಯಲ್ಲಿ ಜೋಳದ ಡಬ್ಬಿ ಹಿಡಿದು ಪಾಳಿ ಕಾಯುವ ಹೆಂಗಸರೂ ಬಾಯಿ ಮುಚ್ಚುತ್ತಿದ್ದರು. ನಮ್ಮೂರಿನ ಗಿರಣಿ ಕಂಡವರಿಗೆ ಇದು ಎಂಥ ಮರ್ಯಾದೆ ಎಂಬುದು ತಿಳಿದೀತು.

ನಮ್ಮ ಗಿರಣಿಗೆ ಕರೆಂಟ್ ಇದ್ದಾಗ ಮೋಟರು, ಇಲ್ಲದಾಗ ಇಂಜಿನ್ನು. ಹಾಗಾಗಿ ಹೆಚ್ಚಿನ ಹೊತ್ತು ಇಂಜಿನ್ನೇ. ಅಪ್ಪ ತಂದದ್ದು, ಒಂದೇ ಸಿಲಿಂಡರಿನದು. ಡುಕ್ ಡುಕ್ ಡುಕ್ ಎಂದು ಚೆಂದಾಗಿ ಓಡುತ್ತಾ ಓಡುತ್ತಾ ನಡುವೆ ಒಮ್ಮೆ ಹುಪ್ ಎಂದು ಬಿಕ್ಕುತ್ತದೆ. ಮತ್ತೆ ಡುಕ್ ಡುಕ್. ಅಪ್ಪ ಇದ್ದಾಗ, ಈ ಬಿಕ್ಕಳಿಕೆ ತೆಗೀರಿ ಎಂದು ಮಿಸ್ತ್ರಿ ಕಾಕಾನ ಬೆನ್ನು ಬಿದ್ದಿದ್ದ. ಅವರು ಸ್ಕ್ರೂಡ್ರೈವರ್ ಹಚ್ಚಿ ಕೇಳಿ, "ಇದು ರೋಗ ಅಲ್ಲೋ, ಸ್ವಭಾವ. ನಿನ್ನ ಸ್ವಭಾವ ತಗೀಯಂತ ನಿನ್ನ ಹೆಂಡ್ತಿ ಯಾವಾಗರ ನನ್ನ ಕರಿಸ್ಯಾಳೇನು?" ಎಂದು ಹೊರಟುಹೋದರು. ಬಿಕ್ಕಳಿಕೆ ಹಾಗೇ ಉಳಿಯಿತು. ಅಪ್ಪ ಹೋದ ಮೇಲೆ ಅವ್ವ, ತಲೆಗೆ ಸೆರಗು ಬಿಗಿದು, ಹುಬ್ಬಿಗೆಲ್ಲ ಹಿಟ್ಟು ಹತ್ತಿಸಿಕೊಂಡು, ಅದೇ ಗಿರಣಿ ನಡೆಸಿ ನನ್ನನ್ನು ಇಷ್ಟೆತ್ತರ ಮಾಡಿದಳು.

ನಾನು ಇಷ್ಟೆತ್ತರ ಆಗಿ ಕಲಿತದ್ದು ಮಿಮಿಕ್ರಿ. ಶಾಲೆಯ ಗ್ಯಾದರಿಂಗಿನಲ್ಲಿ ಹೆಡ್ಮಾಸ್ತರರು ಸೀನುವುದನ್ನು ಅಣಕಿಸಿ ಶುರುವಾದದ್ದು, ಮದುವೆ ಆರ್ಕೆಸ್ಟ್ರಾಗಳ ನಡುವೆ ಹದಿನೈದು ನಿಮಿಷ ಸಿಗುವವರೆಗೆ ಬೆಳೆಯಿತು. ಬಸ್ ಕಂಡಕ್ಟರು, ಎಮ್ಮೆ, ಗ್ರಾಮಸಭೆ, ನನ್ನ ಸೋದರಮಾವ, ಎಲ್ಲವೂ ಬರುತ್ತಿತ್ತು. ದನಿ ಒಡೆದ ವರ್ಷದ ನನ್ನನ್ನೇ ನಾನು ಮಾಡಿ ತೋರಿಸಿದರೆ ಅವ್ವ ಕೂಡ ನಗುತ್ತಿದ್ದಳು. ಇಂಜಿನ್ನುಗಳಂತೂ ಸಲೀಸು. ಮಿಸ್ತ್ರಿ ಕಾಕಾ ನಮ್ಮ ಗಿರಣಿಯಲ್ಲಿ ಬಗ್ಗಿ ಕೂತಾಗ ಗೋಡೆಯ ಆಚೆ ನಿಂತು ಟಕ್ ಟಕ್ ಎಂದು ಬೇರಿಂಗು ಸತ್ತ ಸದ್ದು ಮಾಡುವುದು ನನ್ನ ಹಳೆಯ ಆಟ. ಅವರು ಗಾಬರಿಯಾಗಿ ತಿರುಗಿ, ನನ್ನನ್ನು ಕಂಡು, "ಲೇ, ನಿನ್ನ ಬಾಯಿಗಿ ಗ್ರೀಸ್ ಹಾಕ್ತೀನಿ ನೋಡ" ಎನ್ನುತ್ತಿದ್ದರು.

ಒಂದು ದಿನ ಅವರು ತಿರುಗಲಿಲ್ಲ. ನಾನು ಇನ್ನೂ ಜೋರು ಮಾಡಿದೆ. ಆಗಲೂ ಇಲ್ಲ. ಆ ಹೊತ್ತಿಗೆ ಇಂಜಿನ್ನಿನಲ್ಲಿ ನಿಜವಾಗಿಯೇ ಒಂದು ವಾಲ್ವು ಕಿಟಿಕಿಟಿ ಎನ್ನುತ್ತಿತ್ತು. ಹೊರಗೆ ಕಟ್ಟಿದ ಆಕಳು ಕಿವಿ ನಿಮಿರಿಸಿತ್ತು. ಕಾಕಾ ಮಾತ್ರ ಸ್ಕ್ರೂಡ್ರೈವರ್ ಹಿಡಿದು, ಕಣ್ಣು ಮುಚ್ಚಿ, ಏನೂ ಸಿಗದವರಂತೆ ಜಾಗ ಬದಲಿಸುತ್ತಾ ಕೂತಿದ್ದರು. ಹೆಂಗಸರು ಎಂದಿನಂತೆ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು.

ನನ್ನ ನಗೆ ಅಲ್ಲೇ ಇಂಗಿಹೋಯಿತು. ಹೋಗಿ ಬಾಜೂಕೆ ಕೂತು, ಅವರ ಕಿವಿಗೆ ಬಾಯಿ ಹಚ್ಚಿ, ಮೆಲ್ಲಗೆ ಆ ವಾಲ್ವಿನ ಸದ್ದು ಮಾಡಿದೆ. ಕಿಟಿ ಕಿಟಿ ಕಿಟಿ. ಅವರು ಕಣ್ಣು ತೆರೆಯದೆ, "ಮ್ಯಾಲಿಂದೋ ಕೆಳಗಿಂದೋ?" ಎಂದರು. "ಮ್ಯಾಲಿಂದು" ಎಂದೆ. "ಹಂಗಾರ ಹದಿಮೂರ ಪಾನಾ ಕೊಡು." ಸ್ಪ್ಯಾನರನ್ನು ಅವರ ಕೈಗಿಟ್ಟೆ.

ಹೊರಗೆ ಬಂದು ಮೊಪೆಡ್ಡಿನ ಹತ್ತಿರ ನಿಂತು ಹೇಳಿದರು, "ಸಣ್ಣ ಸಪ್ಪಳ ಕೇಳೂದ ಬಿಟ್ಟೈತೋ ತಮ್ಮಾ. ಕಿವಿ ಹ್ವಾದದ್ದು ಮಂದಿಗೆ ತಿಳೀತಂದ್ರ ಕೈನೂ ಹೋದ್ವು ಅಂತಾರ. ಕೈ ಇನ್ನೂ ಅದಾವು."

ಅಂದಿನಿಂದ ಎರಡು ವರ್ಷ ನಾನು ಅವರ ಕಿವಿ. ರಿಪೇರಿ ಎಲ್ಲೇ ಇರಲಿ, ಮೊಪೆಡ್ಡಿನ ಹಿಂದೆ ನಾನು. "ಇವ ನನ್ನ ಹತ್ರ ಕಸಬು ಕಲ್ಯಾಕತ್ತಾನ" ಎಂದು ಅವರು ಹೇಳುವುದು, ನಾನು ವಿಧೇಯನಾಗಿ ಬಗ್ಗುವುದು, ಗುಟ್ಟು ಹೇಳುವವನಂತೆ ಅವರ ಕಿವಿಯಲ್ಲಿ ಆ ಇಂಜಿನ್ನಿನ ನರಳಾಟ ಮಾಡಿ ತೋರಿಸುವುದು. ಅಲ್ಲಿಯವರೆಗೆ ನನ್ನ ಬಾಯಿ ಮಂದಿ ನಗಲೆಂದು ಇತ್ತು. ಅದರಿಂದ ಒಂದು ಉಪಯೋಗವಿದೆ ಎಂದು ತೋರಿಸಿಕೊಟ್ಟ ಮೊದಲ ಮನುಷ್ಯ ಅವರು. ಕೇಳಿದ್ದಕ್ಕೆ ಏನೂ ಸೇರಿಸದೆ, ಏನೂ ಬಿಡದೆ ತಿರುಗಿ ಹೇಳುವುದು ಎಷ್ಟು ಕಷ್ಟ ಎಂಬುದನ್ನು ಕಲಿಸಿದವರೂ ಅವರೇ. ನಾನು ನಡುವೆ ಸ್ವಲ್ಪ ಅಭಿನಯ ಹಾಕಿದರೆ ತೊಡೆಗೆ ಗುದ್ದುತ್ತಿದ್ದರು. "ಮಸಾಲಿ ಬ್ಯಾಡ. ಅದ ಅಂದಷ್ಟ ಅನ್ನು."

ಈ ಗುಟ್ಟು ನಮ್ಮಿಬ್ಬರದೇ ಎಂದುಕೊಂಡಿದ್ದೆ. ಹೋದ ತಿಂಗಳು ದಿವಸದ ಊಟ ಮುಗಿದ ಮೇಲೆ, ಅವರ ಅಂಗಳದಲ್ಲಿ ಕೂತ ಮಂದಿ ನನಗೆ ಕಾಕಾನ ನಕಲು ಮಾಡಲು ದುಂಬಾಲು ಬಿದ್ದರು. ಮಾಡಿದೆ. ಚಹಾ ಕುಡಿಯುವುದು, ಅಂಗೈ ಇಡುವುದು, ಕೆಮ್ಮುವುದು. ಎಲ್ಲರೂ ನಕ್ಕರು. ಒಳಗಿನಿಂದ ಕಾಕು ಬಂದರು. ಕಾಕು ನನ್ನ ಮುಂದೆ ನಿಂತು, "ಎಲ್ಲಾ ಬರೋಬರಿ ಐತಿ. ಕೆಮ್ಮು ತಪ್ಪೈತಿ. ಒಂದ್ಸಲ ಕೆಮ್ಮತಿರಲಿಲ್ಲ ಅವರು, ಎರಡ್ಸಲ" ಎಂದರು. ಆಮೇಲೆ ಸೆರಗಿನಿಂದ ಆ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟರು. "ಕಿವಿ ನಿನ್ನ ಹತ್ರನ ಇತ್ತಲ್ಲ. ಇದನ್ನೂ ನೀನ ಇಟ್ಕೋಪಾ." ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಇನ್ನು ಬೋಟಿನ ವಿಷಯ.

ಗೋವಾದಲ್ಲಿ ಕೆಲಸ ಮಾಡುವ ನನ್ನ ಗೆಳೆಯನೊಬ್ಬ ಫೋನಿಗೆ ಒಂದು ವಿಡಿಯೋ ಕಳಿಸಿದ. ನದಿಯ ದಂಡೆಯ ಶೆಡ್ಡು, ಅದರೊಳಗೆ ಧೂಳು ಹೊದ್ದ ಎರಡು ಸ್ಪೀಡ್‌ಬೋಟು. ಮಾಲೀಕರಿಗೆ ವಯಸ್ಸಾಗಿದೆ, ಎರಡನ್ನೂ ಕೂಡಿಯೇ ಕೊಡುತ್ತಾರೆ ಎಂದ. ಅಂದೇ ನನ್ನ ತಲೆಯಲ್ಲಿ ನೀರು ತುಂಬಿತು. ಕಲಘಟಗಿ ಕಡೆ ಒಂದು ದೊಡ್ಡ ಕೆರೆಯಿದೆ. ಅಲ್ಲಿ ಬೋಟು ಬಿಡುವುದು, ರವಿವಾರ ಹುಬ್ಬಳ್ಳಿಯಿಂದ ಬರುವ ಮಂದಿಯನ್ನು ಗರಗರ ತಿರುಗಿಸುವುದು, ಕಪ್ಪು ಕನ್ನಡಕ ಹಾಕಿಕೊಂಡು ಮೈಕಿನಲ್ಲಿ ನಾನೇ ಮಿಮಿಕ್ರಿ ಮಾಡುವುದು. ದುಡ್ಡಿಗೆ ಗಿರಣಿ ಇತ್ತು. ಕುಂದಗೋಳದ ಒಬ್ಬರು ಸಿಮೆಂಟಿನ ಅಂಗಡಿಗೆಂದು ಆ ಜಾಗ ಕೇಳಿದ್ದರು. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಹೂಂ ಎಂದರೆ ಇಂಜಿನ್ನು ಗುಜರಿಗೆ ಹೋಗುತ್ತಿತ್ತು.

ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಹಿಟ್ಟು ಝಾಡಿಸಿ ಇಷ್ಟೇ ಹೇಳಿದಳು, "ನನಗ ಬೋಟ್ ತಿಳಿಯಂಗಿಲ್ಲ. ನಿನಗ ಗಿರಣಿ ತಿಳಿಯಂಗಿಲ್ಲ. ಮಿಸ್ತ್ರಿಯವರು ನೋಡಿ ಹೂಂ ಅಂದ್ರ ಮಾರು. ಬ್ಯಾಡ ಅಂದ್ರ ಮತ್ತ ಈ ಮಾತು ನನ್ನ ಮುಂದ ತಗೀಬ್ಯಾಡ."

ಕಾಕಾನ ಮುಂದೆ ನನ್ನ ಯೋಜನೆ ಬಿಚ್ಚಿಟ್ಟೆ. ಕಿವಿಗೆ ಬಾಯಿ ಹಚ್ಚಿಯೇ ಹೇಳಬೇಕಾದ್ದರಿಂದ ಕೈ ಬೀಸಿ ಹೇಳುವ ನನ್ನ ಅರ್ಧ ಉತ್ಸಾಹ ವ್ಯರ್ಥವಾಯಿತು.

"ಕೆರಿ ಯಾರದು?" ಎಂದರು.

"ಪಂಚಾಯ್ತಿದ್ರಿ ಕಾಕಾ. ಕೇಳಿದ್ರ ಪರವಾನಗಿ ಕೊಡ್ತಾರ."

"ಬ್ಯಾಸಗ್ಯಾಗ ಅದರಾಗ ಏನಿರತೈತಿ?"

ಇದ್ದದ್ದನ್ನೇ ಹೇಳಿದೆ, "ಎಮ್ಮಿ."

"ಎಮ್ಮಿ ತಿರಗಸಾಕ ಎರಡ ಬೋಟ ಬೇಕೇನು? ಒಂದ ಸಾಲಂಗಿಲ್ಲ?"

ಅಷ್ಟಾದರೂ ಅವರು ಬೇಡ ಎನ್ನಲಿಲ್ಲ. ಕೇಳದೆ ಯಾವ ಇಂಜಿನ್ನಿಗೂ ಅವರು ಬೇಡ ಎಂದವರಲ್ಲ. "ನಡಿ, ಹೋಗೂಣು. ಅದೇನ ಅಂತೈತೋ ಕೇಳೂಣು" ಎಂದರು. ಎಪ್ಪತ್ತು ದಾಟಿದ ಮನುಷ್ಯ, ಸಮುದ್ರದ ದಿಕ್ಕಿಗೆ ತಲೆಯಿಟ್ಟೂ ಮಲಗಿದವರಲ್ಲ. ಕಾಕು ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿ, ಸ್ಕ್ರೂಡ್ರೈವರ್ ಕಂಕುಳಲ್ಲಿ, ಧೋತರ ಹೊಸದು. ರೈಲಿನಲ್ಲಿ ಕಿಡಕಿಯ ಬದಿ ಕೂತು, ಅಳ್ನಾವರ ದಾಟಿ ಕಾಡು ಶುರುವಾದಾಗ, "ಇಷ್ಟ ಗಿಡ ಯಾರ ಹಚ್ಯಾರಲೇ?" ಎಂದು ಕೇಳಿದರು.

ಬೋಟಿನ ಮಾಲೀಕರು ಚಡ್ಡಿ ಹಾಕಿದ ಹಿರಿಯರು, ಒಳ್ಳೆಯವರು. ನಮ್ಮ ಕಡೆಯ ಕೆಲಸಗಾರರ ಸಹವಾಸದಿಂದ ಕನ್ನಡ ಕಲಿತಿದ್ದರು. "ಬರ್ರಿ ಬರ್ರಿ, ಹುಬ್ಬಳ್ಳಿ ಮಂದಿ ಬರ್ರಿ" ಎಂದು ಒಳಗೆ ಕರೆದೊಯ್ದರು. ಮೊದಲನೆಯ ಬೋಟಿನ ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಇಂಜಿನ್ನು ತುಕ್ಕಿನ ಮುದ್ದೆ.

ಕಾಕಾ ಕೋಳಿಯನ್ನು ನೋಡಿ, "ಇದರಾಗ ಆಗಲೇ ಪ್ಯಾಸೆಂಜರ್ ಕುಂತೈತಿ. ಎಬ್ಬಿಸಬ್ಯಾಡ್ರಿ" ಎಂದು ಎರಡನೆಯದಕ್ಕೆ ಹೋದರು. ಅಂಗೈ ಇಟ್ಟರು. ಬಿಸಿ. ನಾವು ಬರುತ್ತೇವೆಂದು ಮಾಲೀಕರು ಬೆಳಿಗ್ಗೆಯೇ ಓಡಿಸಿ ನೋಡಿದ್ದರಂತೆ. ಕಾಕಾ ಹೊರಗೆ ಬಂದು, ತೆಂಗಿನ ಮರದ ಕೆಳಗೆ ಟವೆಲ್ ಹಾಸಿ, ರೊಟ್ಟಿ ಬಿಚ್ಚಿದರು.

"ಏನಾತ್ರಿ? ನೋಡೂದಿಲ್ಲೇನು?" ಎಂದು ಮಾಲೀಕರು ನನ್ನನ್ನು ಕೇಳಿದರು.

"ಜ್ವರ ಇಳೀಬೇಕಂತ್ರಿ" ಎಂದೆ.

ಅವರು ಕಾಕಾನ ಹಣೆ ಮುಟ್ಟಿ ನೋಡಲು ಹೊರಟರು. ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಕೊನೆಗೆ ಅವರೂ ಬಂದು ಕೂತು ಎರಡು ರೊಟ್ಟಿ ತಿಂದರು. ಎರಡು ತಾಸು ನಾವು ಮೂವರೂ ಒಂದು ಇಂಜಿನ್ನು ತಣ್ಣಗಾಗುವುದನ್ನು ಕಾಯುತ್ತಾ ಕೂತೆವು.

ಆಮೇಲೆ ಕಾಕಾ ಎದ್ದರು. ನೀರಿನ ಕೊಳವೆಯ ಬಾಯಿಗೆ ಹತ್ತಿದ ಬಿಳಿ ಪುಡಿಯನ್ನು ಬೆರಳಿಗೆ ಹತ್ತಿಸಿ ನಾಲಿಗೆಗೆ ಇಟ್ಟರು. "ಉಪ್ಪು. ನಮ್ಮ ಇಂಜಿನ್ನ ಬಾವಿ ನೀರ ಕುಡದಾವು. ಇದು ಉಪ್ಪಿನಕಾಯಿ ಆಗೈತಿ." ಬೋಟಿನ ತಳವನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಹಳೇ ಗಾದಿಯಂತೆ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬಂತು. ನಾನು ಅದನ್ನು ನೋಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ತಳದ ಕೆಲಸ, ಬಣ್ಣದ ಕೆಲಸ ನನಗ ತಿಳಿಯಂಗಿಲ್ಲ. ಇಂಜಿನ್ನ ಮಾತ್ರ ನಾ ಹೇಳ್ತೀನಿ. ಚಾಲೂ ಮಾಡ್ರಿ ಸಾಹೇಬ್ರ."

ಡ್ರಮ್ಮಿನ ನೀರಿಗೆ ಪೈಪು ಬಿಟ್ಟು ಮಾಲೀಕರು ಚಾಬಿ ತಿರುಗಿಸಿದರು. ನಾಲ್ಕು ಸಲ ಕೆಮ್ಮಿ, ಶೆಡ್ಡು ತುಂಬ ಹೊಗೆ ಕಾರಿ, ಐದನೆಯದಕ್ಕೆ ಎದ್ದಿತು. ಗೊರ್ ಎಂಬ ದೊಡ್ಡ ಗುಡುಗು. ಅದರ ಅಡಿಯಲ್ಲಿ, ಡಬ್ಬಿಯೊಳಗೆ ನಟ್ಟು ಹಾಕಿ ಕುಲುಕಿದ ಹಾಗೆ, ಟಣ್ ಟಣ್ ಟಣ್. ಎರಡು ವರ್ಷ ಕಿವಿಯಾಗಿ ದುಡಿದಿದ್ದೆ, ಅದು ಏನೆಂದು ನನಗೆ ಸ್ಪಷ್ಟವಾಗಿ ತಿಳಿಯಿತು. ಕೆಳಗಿನ ಬೇರಿಂಗು ಮುಗಿದಿತ್ತು. ಹೊಟ್ಟೆಯನ್ನೇ ಬಿಚ್ಚಬೇಕು, ಬಿಚ್ಚಿದರೆ ಮತ್ತೇನೇನು ಹೊರಬೀಳುತ್ತದೋ ಯಾರಿಗೂ ಗೊತ್ತಿಲ್ಲ.

ಕಾಕಾ ಸ್ಕ್ರೂಡ್ರೈವರ್ ಆನಿಸಿ, ಎಡ ಅಂಗೈಯನ್ನು ಇಂಜಿನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ, ನನ್ನನ್ನು ಕರೆದರು. ಬಗ್ಗಿದೆ. "ಏನನ್ನಾಕತ್ತೈತಿ?"

ಆ ಕ್ಷಣ ನನಗೆ ಕಂಡದ್ದು ಕೆರೆ, ಕಪ್ಪು ಕನ್ನಡಕ, ಮೈಕು. ಟಣ್ ಎಂದು ಒಂದೇ ಸಲ ಅಂದಿದ್ದರೂ ಎಲ್ಲ ಮುಗಿಯುತ್ತಿತ್ತು. ನಾನು ಉಸಿರು ತುಂಬಿಕೊಂಡು, ನನಗೆ ಗೊತ್ತಿದ್ದ ಅತ್ಯಂತ ಗಟ್ಟಿಮುಟ್ಟಾದ, ಅತ್ಯಂತ ಆರೋಗ್ಯವಂತ ಇಂಜಿನ್ನಿನ ಸದ್ದನ್ನು ಅವರ ಕಿವಿಯೊಳಗೆ ಮಾಡಿದೆ. ಚೆನ್ನಾಗಿಯೇ ಮಾಡಿದೆ.

"ಇನ್ನೊಮ್ಮಿ," ಎಂದರು.

ಇನ್ನೊಮ್ಮೆ ಮಾಡಿದೆ.

ಕಣ್ಣು ತೆರೆದು ನನ್ನನ್ನು ನೋಡಿದರು. ಎಣ್ಣೆಗೈಯಿಂದ ನನ್ನ ಕೆನ್ನೆ ತಟ್ಟಿದರು. "ಬಂದ್ ಮಾಡ್ರಿ ಸಾಹೇಬ್ರ. ಊರಿಗಿ ಹೋಗಿ ತಿಳಸ್ತೀವಿ." ನಾವು ಹೊರಡುವಾಗ ಮಾಲೀಕರು ಕಾಕಾನಿಗೊಂದು ತೆಂಗಿನಕಾಯಿ ಕೊಟ್ಟರು.

ತಿರುಗಿ ಬರುವ ರೈಲಿನಲ್ಲಿ ನಾನು ಎಂದಿಗಿಂತ ಹೆಚ್ಚು ಮಾತಾಡಿದೆ. ಚಹಾದವನನ್ನು, ಟಿಕೆಟ್ ನೋಡುವವರನ್ನು ಅಣಕಿಸಿ ಡಬ್ಬಿಯನ್ನೆಲ್ಲ ನಗಿಸಿದೆ. ಕಾಕಾ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡಿದರು. ಕೆನ್ನೆಯ ಮೇಲಿನ ಎಣ್ಣೆಯನ್ನು ಎಷ್ಟು ಒರೆಸಿಕೊಂಡರೂ ಅದು ಇದೆ ಅನ್ನಿಸುತ್ತಿತ್ತು. ನನ್ನ ಕಿವಿಯನ್ನು ನಂಬಿದವರು ಇಡೀ ತಾಲೂಕಿನಲ್ಲಿ ಅವರೊಬ್ಬರೇ.

ಅಳ್ನಾವರದಲ್ಲಿ ಎದುರಿನ ಗಾಡಿಗೆ ದಾರಿ ಬಿಟ್ಟು ನಮ್ಮ ರೈಲು ನಿಂತಿತು. ಪ್ಲಾಟ್‌ಫಾರ್ಮಿಗೆ ಇಳಿದು ಒಂದು ಚಹಾ ತಂದೆ. ಕಾಕಾ ಅರ್ಧ ಕುಡಿದು ಉಳಿದರ್ಧ ನನ್ನ ಕೈಗೆ ಕೊಟ್ಟರು. ಇನ್ನು ತಡೆಯಲಾಗಲಿಲ್ಲ. ಕಿವಿಗೆ ಬಾಯಿ ಹಚ್ಚಿ ಕೇಳಿದೆ, "ಕಾಕಾ, ಅವ್ವಗ ಏನ ಹೇಳ್ಲಿರಿ? ಸೋಮವಾರ ಕುಂದಗೋಳದವರಿಗೆ ಹೂಂ ಅನ್ಲೇನ್ರಿ?"

"ಅಲ್ಲೆ ಇಂಜಿನ್ನ ಏನಂತೋ ಅದನ್ನ ಇನ್ನೊಮ್ಮಿ ಅನ್ನು," ಎಂದರು.

ಮಾಡಿದೆ. ಡುಕ್ ಡುಕ್ ಡುಕ್ ಡುಕ್. ಡಬ್ಬಿಯಲ್ಲಿ ಕೂತಿದ್ದವರು ತಿರುಗಿ ನೋಡಿದರು. ಕಾಕಾ ಕಣ್ಣು ಮುಚ್ಚಿ ತಾಳ ಹಾಕುವವರಂತೆ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರು. ಒಂದು ಕಡೆ ಬಂದಾಗ, ನನಗಿಂತ ಅರೆಕ್ಷಣ ಮೊದಲೇ, ಆ ಬೆರಳನ್ನು ಮೇಲೆತ್ತಿ ಹಿಡಿದರು. ಸರಿಯಾಗಿ ಅಲ್ಲಿಗೆ ನನ್ನ ಬಾಯಿಂದ, ನಾನು ಕರೆಯದೆಯೇ, ಹುಪ್ ಎಂದು ಹೊರಬಂತು.

ನನ್ನ ಬಾಯಿ ಅಲ್ಲಿಗೇ ನಿಂತಿತು. ಕಾಕಾ ಬೆರಳು ಇಳಿಸಿ, ಧೋತರಕ್ಕೆ ತಾಗದಂತೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೇಳಿದರು:

"ಇಂಜಿನ್ನ ಅಗದಿ ಚಲೋ ಐತಿ, ನಾ ಹೂಂ ಅಂತೀನಿ. ಆದ್ರ ಇದು ನಿಮ್ಮ ಗಿರಣ್ಯಾಗ ಐತೆಲ್ಲೋ ತಮ್ಮಾ, ಗೋವಾದಿಂದ ಯಾಕ ಹೊತ್ಕೊಂಡ ಬರ್ತಿ?"